ರೇನ್ ಕವರ್ ಹಾಕಿದರೂ ಸೈಕಲ್ ಬ್ಯಾಗಿನೊಳಗೆ ನೀರು ಬರುತ್ತಿದೆ, ಏನು ಮಾಡಬೇಕು?

ನಿಮ್ಮ ಹತ್ತಿರ ಕ್ಯಾರಿಯರಿನ ಎರಡೂ ಬದಿಗೆ ನೇತುಹಾಕುವ, ಹೊಲಿದ ನೈಲಾನ್ ಪ್ಯಾನಿಯರ್‌ಗಳಿವೆ. ಮಳೆ ಬಂದರೆ ಕವರ್ ಹಾಕುತ್ತೀರಿ. ಆದರೂ ದಿನವಿಡೀ ಮಳೆ ಹಿಡಿದರೆ ಸಂಜೆ ಹೊತ್ತಿಗೆ ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಎಲ್ಲ ತೇವ. ಮುಂದೆ ಎರಡು ತಿಂಗಳ ಟೂರ್ ಇದೆ, ಹೊಸ ವಾಟರ್‌ಪ್ರೂಫ್ ಬ್ಯಾಗ್ ಕೊಳ್ಳಲೇಬೇಕಾ ಅಥವಾ ಇರುವುದರಲ್ಲೇ ನಡೆಯುತ್ತದಾ ಎಂದು ಕೇಳಿದ್ದೀರಿ.

ಇರುವುದರಲ್ಲೇ ನಡೆಯುತ್ತದೆ. ಆದರೆ ಕವರ್ ನಂಬಿಕೊಂಡು ಹೋಗಬೇಡಿ. ನೀರು ತಡೆಯುವ ಪದರ ಬ್ಯಾಗಿನ ಒಳಗಿರಬೇಕು, ಹೊರಗಲ್ಲ. ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನಿಸುವುದು: ಯಾವ ಬ್ಯಾಗನ್ನು ಯಾವಾಗ ತೆರೆಯುತ್ತೀರಿ ಎಂಬುದು ಬ್ಯಾಗ್ ಯಾವ ಬಟ್ಟೆಯದು ಎಂಬುದಕ್ಕಿಂತ ದೊಡ್ಡದು.

ಮೊದಲು ಕವರ್ ಯಾಕೆ ಸಾಲುವುದಿಲ್ಲ ಅಂತ ನೋಡೋಣ. ಮಳೆ ಮೇಲಿನಿಂದ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಸೈಕಲ್ ಮೇಲೆ ಹಾಗಲ್ಲ. ಚಕ್ರ ರಸ್ತೆಯ ನೀರನ್ನು ಎತ್ತಿ ಎತ್ತಿ ಎಸೆಯುತ್ತದೆ, ಅದರಲ್ಲಿ ಮರಳು, ಮಣ್ಣು ಎಲ್ಲ ಇರುತ್ತದೆ. ರೇನ್ ಕವರ್ ಮೇಲೆ, ಮುಂದೆ, ಹೊರಮೈಗೆ ಮಾತ್ರ ಮುಚ್ಚಿಕೊಳ್ಳುತ್ತದೆ. ಕ್ಯಾರಿಯರ್‌ಗೆ ತಗುಲುವ ಬೆನ್ನಿನ ಭಾಗ ಪೂರ್ತಿ ತೆರೆದೇ ಇರುತ್ತದೆ. ನೀರು ಆ ಬೆನ್ನಿನ ಮೇಲೆ ಇಳಿದು ಕವರಿನ ತಳದಲ್ಲಿ ಸೇರುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಮುಂದಿನ ಸಲ ಮಳೆಯಲ್ಲಿ ಓಡಿಸಿ ನಿಂತಾಗ ಬ್ಯಾಗ್ ಬಿಚ್ಚುವ ಮೊದಲು ಕವರಿನ ಕೆಳಗಿನ ಮೂಲೆಯನ್ನು ಕೈಯಿಂದ ಒತ್ತಿ ನೋಡಿ. ಒಳಗೆ ಕೆಸರು ನೀರು ನಿಂತಿರುವುದು ಕೈಗೇ ಗೊತ್ತಾಗುತ್ತದೆ. ಅಂದರೆ ನಿಮ್ಮ ಬ್ಯಾಗಿನ ತಳ ಇಡೀ ದಿನ ನೀರಿನಲ್ಲೇ ಕುಳಿತಿತ್ತು.

ಆ ತಳದಲ್ಲೇ ಹೊಲಿಗೆ ಇರುತ್ತದೆ. ನೈಲಾನ್‌ಗೆ ಒಳಗಿನಿಂದ ಕೋಟಿಂಗ್ ಇದ್ದರೂ ಸೂಜಿ ಹೋದ ಕಡೆಯಲ್ಲೆಲ್ಲ ಒಂದೊಂದು ತೂತು. ದಾರ ಆ ತೂತಿನಲ್ಲಿ ಕುಳಿತು, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಬ್ಯಾಗಿನ ನಡುವಿನ ಬಟ್ಟೆ ಒಣಗಿದ್ದು, ಕೆಳಗಿನ ಮೂಲೆಯ ಬಟ್ಟೆ ಮಾತ್ರ ತೊಯ್ದಿರುತ್ತದೆ.

ಕವರ್ ಎಸೆಯಬೇಡಿ. ಅದು ಕೆಸರು ತಡೆಯುತ್ತದೆ, ದೂರದಿಂದ ಕಾಣುವ ಬಣ್ಣದ್ದಾದರೆ ಹಿಂದಿನ ಗಾಡಿಯವರಿಗೂ ಒಳ್ಳೆಯದು. ಕವರಿನ ಅತಿ ತಗ್ಗಿನ ಜಾಗದಲ್ಲಿ ಒಂದು ಸಣ್ಣ ತೂತು ಮಾಡಿ, ಅಂಚು ಹರಿಯದಂತೆ ಲೋಹದ ಐಲೆಟ್ ಹಾಕಿಸಿ. ನೀರು ನಿಲ್ಲುವುದಿಲ್ಲ. ಬ್ಯಾಗಿನ ತಳದ ಹೊಲಿಗೆಗೆ ಒಳಗಿನಿಂದ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಹಚ್ಚಿ. ಹಚ್ಚುವ ಮೊದಲು ಹಳೆಯ ಕೋಟಿಂಗ್ ಬೆರಳಿಗೆ ಅಂಟುತ್ತಿದೆಯಾ, ಪುಡಿಪುಡಿಯಾಗಿ ಉದುರುತ್ತಿದೆಯಾ ನೋಡಿ. ಹಾಗಿದ್ದರೆ ಸೀಲರ್ ಅದರ ಮೇಲೆ ನಿಲ್ಲುವುದಿಲ್ಲ. ಹಳೆಯದನ್ನು ಉಜ್ಜಿ ತೆಗೆಯಬೇಕು.

ಮಡ್‌ಗಾರ್ಡ್ ಬಗ್ಗೆ ನೀವು ಏನೂ ಬರೆದಿಲ್ಲ. ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಎರಡೂ ಚಕ್ರಕ್ಕೆ, ಪೂರ್ತಿ ಉದ್ದದ್ದು. ಮುಂದಿನದರ ತುದಿಗೆ ರಬ್ಬರ್ ಫ್ಲಾಪ್ ಇರಲಿ, ನೆಲಕ್ಕೆ ಹತ್ತಿರ ಇಳಿದಿರಲಿ. ಬ್ಯಾಗಿಗೆ, ಕಾಲಿಗೆ, ಚೈನ್‌ಗೆ ಎಲ್ಲಕ್ಕೂ ಬೀಳುವ ನೀರು ಅರ್ಧಕ್ಕರ್ಧ ಕಡಿಮೆಯಾದ ಹಾಗೆ ಕಾಣುತ್ತದೆ.

ಈಗ ಒಳಗಿನ ಪದರ. ಹಿಂದಿನ ಪ್ಯಾನಿಯರ್ ಜೋಡಿ ಸಾಮಾನ್ಯವಾಗಿ 40 ಲೀಟರ್ ಇರುತ್ತದೆ, ಅಂದರೆ ಒಂದೊಂದು 20 ಲೀಟರ್. ಒಂದೊಂದರೊಳಗೆ ಹಾಕುವ ಲೈನರ್, ಅಂದರೆ ನೀರು ತಡೆಯುವ ಒಳಚೀಲ, 30 ಲೀಟರಿನದಾಗಿರಲಿ. ಬ್ಯಾಗಿಗಿಂತ ಲೈನರ್ ದೊಡ್ಡದಿದ್ದರೆ ಎರಡು ಲಾಭ: ಭಾರ ಲೈನರ್ ಮೇಲೆ ಬೀಳುವುದಿಲ್ಲ, ಬ್ಯಾಗಿನ ಬಟ್ಟೆಯೇ ಹೊರುತ್ತದೆ; ಮತ್ತೆ ಮೇಲೆ ಮಡಚಲು ಉದ್ದ ಬಾಯಿ ಉಳಿಯುತ್ತದೆ. ಮಡಚಿ ಬಕಲ್ ಹಾಕುವ ಹಗುರ ಡ್ರೈ ಬ್ಯಾಗ್ ಸಿಕ್ಕರೆ ಚೆನ್ನ. ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲ ಸಾಕು. ಕಸಕ್ಕೆ ಬಳಸುವ ತೆಳು ಚೀಲ ಬೇಡ, ಬೇಗ ಹರಿಯುತ್ತದೆ. ಅದೇ ಇದೆ ಅಂದರೆ ಒಂದರೊಳಗೆ ಒಂದು ಎರಡು ಹಾಕಿ.

ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟುವುದಕ್ಕೂ ಒಂದು ರೀತಿ ಇದೆ. ಗಂಟು ಹಾಕಬೇಡಿ. ಗಂಟಿನ ಸಂದಿಯಲ್ಲಿ ನೀರು ಇಳಿಯುತ್ತದೆ, ಒದ್ದೆ ಕೈಯಲ್ಲಿ ಬಿಚ್ಚಲು ಹೋದರೆ ಚೀಲವೇ ಹರಿಯುತ್ತದೆ. ಮೊಣಕೈಯಿಂದ ಒತ್ತಿ ಗಾಳಿ ಹೊರಗೆ ಹಾಕಿ. ಬಾಯಿಯನ್ನು ಬಿಗಿಯಾಗಿ ತಿರುಚಿ. ತಿರುಚಿದ್ದನ್ನು ಅರ್ಧಕ್ಕೆ ಬಗ್ಗಿಸಿ ಬಾಯಿ ಕೆಳಮುಖ ಮಾಡಿ, ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ. ಹಳೆಯ ಟ್ಯೂಬಿನಿಂದ ಅಡ್ಡಕ್ಕೆ ಕತ್ತರಿಸಿದ ಪಟ್ಟಿ ಇದಕ್ಕೆ ಅಂಗಡಿಯ ರಬ್ಬರ್ ಬ್ಯಾಂಡಿಗಿಂತ ಒಳ್ಳೆಯದು. ಬೇಗ ತುಂಡಾಗುವುದಿಲ್ಲ, ಒದ್ದೆ ಕೈಗೂ ಜಾರುವುದಿಲ್ಲ.

ಎಲ್ಲ ಸಾಮಾನಿಗೂ ಇಷ್ಟು ಕಾವಲು ಬೇಕಾಗಿಲ್ಲ. ಪಾತ್ರೆ, ಬೀಗ, ಪಂಪ್, ಟೂಲ್ ತೊಯ್ದರೆ ಒರೆಸಿದರೆ ಆಯಿತು. ತೊಯ್ಯಲೇಬಾರದವು ಕೆಲವೇ: ಸ್ಲೀಪಿಂಗ್ ಬ್ಯಾಗ್, ಒಂದು ಜೊತೆ ಬಟ್ಟೆ, ಕಾಗದ ಪತ್ರ, ಎಲೆಕ್ಟ್ರಾನಿಕ್ಸ್. ಇವಕ್ಕೆ ಲೈನರ್ ಒಳಗೆ ಮತ್ತೊಂದು ಡ್ರೈ ಬ್ಯಾಗ್ ಇರಲಿ. ನಿಮ್ಮ ಸ್ಲೀಪಿಂಗ್ ಬ್ಯಾಗ್ ಪಕ್ಷಿಯ ಪುಕ್ಕ ತುಂಬಿದ ಡೌನ್ ಆಗಿದ್ದರಂತೂ ಖಂಡಿತ ಇರಲಿ. ಡೌನ್ ಬೆಚ್ಚಗಿಡುವುದು ಅದು ಉಬ್ಬಿ ಹಿಡಿದಿಟ್ಟ ಗಾಳಿಯಿಂದ. ನೀರು ಸೇರಿದರೆ ಪುಕ್ಕ ಮುದ್ದೆಯಾಗುತ್ತದೆ, ಗಾಳಿ ಹೋಗುತ್ತದೆ, ಮಳೆಗಾಲದ ಟೆಂಟಿನಲ್ಲಿ ಅದನ್ನು ಒಣಗಿಸುವುದು ಆಗದ ಮಾತು. ಸಿಂಥೆಟಿಕ್ ತುಂಬಿದ್ದು ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ.

ಆ ಒಂದು ಜೊತೆ ಬಟ್ಟೆ ಬಗ್ಗೆ ನಾನು ತುಂಬಾ ಕಟ್ಟುನಿಟ್ಟು. ಅದು ಮಲಗುವಾಗ ಹಾಕಿಕೊಳ್ಳಲು ಮಾತ್ರ. ಬೆಳಗ್ಗೆ ಎದ್ದಾಗ ಹೊರಗೆ ಮಳೆ ಸುರಿಯುತ್ತಿದ್ದು, ನಿನ್ನೆಯ ಸೈಕಲ್ ಬಟ್ಟೆ ತಣ್ಣಗೆ ತೊಯ್ದಿದ್ದರೆ ಒಣ ಬಟ್ಟೆಯಲ್ಲೇ ಹೊರಡೋಣ ಎಂದು ಬಹಳ ಆಸೆಯಾಗುತ್ತದೆ. ಬೇಡ. ಒದ್ದೆಯದನ್ನೇ ಹಾಕಿ ಪೆಡಲ್ ತುಳಿಯಿರಿ, ಕೆಲವೇ ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ. ಒಣ ಬಟ್ಟೆ ಹಾಕಿ ಹೊರಟರೆ ಅದೂ ಒದ್ದೆಯಾಗಿ, ರಾತ್ರಿಗೆ ಏನೂ ಉಳಿಯುವುದಿಲ್ಲ. ದಿನವಿಡೀ ತೊಯ್ದು ಸುಸ್ತಾದ ಮೈಗೆ ರಾತ್ರಿ ಒಣ ಬಟ್ಟೆ ಇಲ್ಲ ಎಂದರೆ ಅದು ಬರೀ ಕಿರಿಕಿರಿಯಲ್ಲ, ಚಳಿ ಪ್ರದೇಶದಲ್ಲಿ ಅಪಾಯವೇ.

ಬ್ಯಾಗ್ ತೆರೆಯುವ ವಿಷಯಕ್ಕೆ ಬರುತ್ತೇನೆ. ಎಷ್ಟು ಒಳ್ಳೆಯ ಬ್ಯಾಗ್ ಆದರೂ ಮಳೆಯಲ್ಲಿ ಬಾಯಿ ತೆರೆದರೆ ಅದು ಬರೀ ಬಕೆಟ್. ಬಿಸ್ಕೆಟ್ ಬೇಕು, ತೆರೆಯುತ್ತೀರಿ. ಜಾಕೆಟ್ ತೋಳಿನಿಂದ ನೀರು ಒಳಗೆ ತೊಟ್ಟಿಕ್ಕುತ್ತದೆ, ಕೈ ಒದ್ದೆ, ಬಿಸ್ಕೆಟ್ ತಳದಲ್ಲಿದೆ, ಮೇಲಿದ್ದ ಸ್ವೆಟರ್ ಎತ್ತಿ ಪಕ್ಕಕ್ಕಿಡುತ್ತೀರಿ. ಹೀಗೆ ದಿನಕ್ಕೆ ನಾಲ್ಕೈದು ಸಲ ಆದರೆ ಲೈನರ್ ಇದ್ದೂ ಉಪಯೋಗವಿಲ್ಲ.

ಹಾಗಾಗಿ ಒಂದು ಕಡೆಯ ಪ್ಯಾನಿಯರನ್ನು ಹಗಲಿಗೆ, ಇನ್ನೊಂದನ್ನು ರಾತ್ರಿಗೆ ಅಂತ ಇಟ್ಟುಬಿಡಿ. ತಿಂಡಿ, ರೇನ್ ಜಾಕೆಟ್, ಟೂಲ್, ಪಂಪ್, ಟ್ಯೂಬ್, ಔಷಧಿ ಹಗಲಿನ ಬ್ಯಾಗಿಗೆ. ಜಾಕೆಟ್ ಎಲ್ಲಕ್ಕಿಂತ ಮೇಲೆ. ಸ್ಲೀಪಿಂಗ್ ಬ್ಯಾಗ್, ಒಣ ಬಟ್ಟೆ, ಚಾರ್ಜರ್ ಎಲ್ಲ ರಾತ್ರಿಯ ಬ್ಯಾಗಿಗೆ. ಈ ರಾತ್ರಿಯ ಬ್ಯಾಗನ್ನು ಸೂರಿನ ಕೆಳಗೆ ಅಥವಾ ಟೆಂಟಿನೊಳಗೆ ಬಿಟ್ಟು ಬೇರೆಲ್ಲೂ ತೆರೆಯಬೇಡಿ. ಅದೂ ಮೊದಲು ಒದ್ದೆ ಬಟ್ಟೆ ಕಳಚಿ, ಕೈ ಒರೆಸಿಕೊಂಡು. ತೂಕ ಎರಡೂ ಕಡೆ ಹೆಚ್ಚುಕಡಿಮೆ ಸಮ ಇರುವ ಹಾಗೆ ನೋಡಿಕೊಳ್ಳಿ, ಅಷ್ಟೇ. ಸುಮ್ನೆ ಇದೊಂದನ್ನು ಮಾಡಿದರೂ ನಿಮ್ಮ ತೊಂದರೆ ಬಹುಪಾಲು ಮುಗಿಯುತ್ತದೆ ಎಂದು ನನ್ನ ನಂಬಿಕೆ.

ಹೊರಗಿನ ನೀರಿನಷ್ಟೇ ಒಳಗಿನ ನೀರೂ ಕಾಟ ಕೊಡುತ್ತದೆ. ನೀರು ಒಳಗೆ ಬಿಡದ ಬ್ಯಾಗ್ ಹೊರಗೂ ಬಿಡುವುದಿಲ್ಲ, ಅಲ್ವಾ? ಒದ್ದೆ ಸಾಕ್ಸ್ ಒಳಗೆ ಹಾಕಿ ಬಾಯಿ ಮುಚ್ಚಿದರೆ, ಮಧ್ಯಾಹ್ನದ ಬಿಸಿಲಿಗೆ ಆ ನೀರು ಆವಿಯಾಗಿ, ಸಂಜೆ ತಣ್ಣಗಾದ ಮೇಲೆ ಉಳಿದ ಬಟ್ಟೆಗಳ ಮೇಲೆ ಕೂರುತ್ತದೆ. ಒದ್ದೆಯಾದದ್ದು ಯಾವತ್ತೂ ಹೊರಗಿರಲಿ, ಬಲೆಯ ಚೀಲದಲ್ಲಿ ಅಥವಾ ಕ್ಯಾರಿಯರ್ ಮೇಲಿನ ಪಟ್ಟಿಗೆ ಸಿಕ್ಕಿಸಿ. ಟೆಂಟನ್ನು ಪ್ಯಾನಿಯರ್ ಒಳಗೆ ಇಡಲೇಬೇಡಿ. ಬೆಳಗ್ಗೆ ಮಡಚುವಾಗ ಮಳೆ ಇರದಿದ್ದರೂ ಹೊರಪದರದ ಒಳಮೈಯಲ್ಲಿ ನಮ್ಮ ಉಸಿರಿನದೇ ನೀರು ಕುಳಿತಿರುತ್ತದೆ. ಒಳಟೆಂಟ್, ಹೊರಪದರ ಎರಡನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ ಕ್ಯಾರಿಯರ್ ಮೇಲೆ ಅಡ್ಡಕ್ಕೆ ಕಟ್ಟಿ. ದಾರಿಯಲ್ಲಿ ಬಿಸಿಲು ಕಂಡ ಕೂಡಲೇ ನಿಲ್ಲಿಸಿ ಹರಡಿ. ಊಟದ ಹೊತ್ತಿಗೇ ಬಿಸಿಲು ಬರಲಿ ಎಂದು ಕಾಯಬೇಡಿ, ಮಳೆಗಾಲದಲ್ಲಿ ಬಿಸಿಲು ಹೇಳಿ ಕೇಳಿ ಬರುವುದಿಲ್ಲ. ಕುಡಿಯುವ ನೀರಿನ ಬಾಟಲ್, ಸ್ಟೌವ್ ಇಂಧನ, ಶಾಂಪೂ, ಎಣ್ಣೆ, ಇವೂ ರಾತ್ರಿಯ ಬ್ಯಾಗಿನಲ್ಲಿ ಇರಕೂಡದು.

ಹೊಸ ಬ್ಯಾಗ್ ಕೊಳ್ಳುವ ಯೋಚನೆ ಇನ್ನೂ ಇದ್ದರೆ, ಹೊಲಿಗೆಯೇ ಇಲ್ಲದೆ ಬಿಸಿಯಿಂದ ಅಂಟಿಸಿದ, ಬಾಯಿಯನ್ನು ಸುತ್ತಿ ಮಡಚಿ ಮುಚ್ಚುವ ರೋಲ್‌ಟಾಪ್ ಬ್ಯಾಗ್ ನೋಡಿ. 1980ರ ದಶಕದ ಆರಂಭದಲ್ಲಿ ಹಾರ್ಟ್‌ಮುಟ್ ಓರ್ಟ್‌ಲೀಬ್ ಎಂಬ ಜರ್ಮನ್ ಯುವಕ ಇಂಗ್ಲೆಂಡಿನ ಮಳೆಯಲ್ಲಿ ಸೈಕಲ್ ತುಳಿಯುವಾಗ, ಲಾರಿಗಳ ಟಾರ್ಪಾಲಿನ್ ಒಳಗೆ ಸರಕು ಒಣಗಿರುವುದನ್ನು ಗಮನಿಸಿ ಅದೇ ಬಟ್ಟೆಯಲ್ಲಿ ಬ್ಯಾಗ್ ಮಾಡಿದರು. 1982ರಲ್ಲಿ ಅವರ ಕಂಪನಿ ಶುರುವಾಯಿತು. ಇವತ್ತು ಬೇರೆ ಬೇರೆ ಕಂಪನಿಗಳು ಮಾಡುವ ರೋಲ್‌ಟಾಪ್ ಪ್ಯಾನಿಯರ್‌ಗಳದ್ದೂ ಹೆಚ್ಚುಕಡಿಮೆ ಅದೇ ದಾರಿ. ಇವು ಗಟ್ಟಿ, ಕೆಸರಾದರೆ ತೊಳೆದರೆ ಆಯಿತು. ಆದರೆ ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಲೇಬೇಕು. ಬ್ಯಾಗ್ ಕಂಠಮಟ್ಟ ತುಂಬಿ ಒಂದೇ ಸುತ್ತು ಬಂದರೆ ಅದು ವಾಟರ್‌ಪ್ರೂಫ್ ಅಲ್ಲವೇ ಅಲ್ಲ. ಮೇಲೆ ಸ್ವಲ್ಪ ಖಾಲಿ ಬಿಡಲೇಬೇಕು.

ಇಂಥ ಬ್ಯಾಗ್ ಮೇಲೆ ಐಪಿ64 ಎಂದು ಬರೆದಿದ್ದರೆ ಅದನ್ನೂ ಸರಿಯಾಗಿ ಓದಿಕೊಳ್ಳಿ. 6 ಎಂದರೆ ಧೂಳು ಒಳಗೆ ಹೋಗುವುದಿಲ್ಲ, 4 ಎಂದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ತಡೆಯುತ್ತದೆ. ಮುಳುಗಿಸಬಹುದು ಅಂತ ಅಲ್ಲ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕಾದರೆ ಕೊನೆಯ ಅಂಕಿ 7 ಇರಬೇಕು. ಆದ್ದರಿಂದ ಹಳ್ಳ ದಾಟುವಾಗ ಬ್ಯಾಗ್ ಬಿಚ್ಚಿ ಹೆಗಲ ಮೇಲೆ ಹೊತ್ತು ದಾಟಿಸಿ, ಆಮೇಲೆ ಸೈಕಲ್. ಫ್ರೇಮ್ ಬ್ಯಾಗ್, ಹ್ಯಾಂಡಲ್ ಬ್ಯಾಗುಗಳ ಜಿಪ್ ಬಹುಪಾಲು ತುಂತುರು ತಡೆಯುವಷ್ಟೇ. ಮರಳು ಸಿಕ್ಕಿಕೊಂಡ ಮೇಲೆ ಅದೂ ಇಲ್ಲ. ಫೋನ್, ಪಾಸ್‌ಪೋರ್ಟ್ ಅಲ್ಲಿ ಇಟ್ಟರೆ ಜಿಪ್‌ಲಾಕ್ ಚೀಲದಲ್ಲಿಟ್ಟೇ ಇಡಿ. ಫೋನಿನ ಚಾರ್ಜಿಂಗ್ ತೂತು ಒದ್ದೆಯಾಗಿದ್ದರೆ ಪೂರ್ತಿ ಒಣಗುವವರೆಗೂ ಚಾರ್ಜಿಗೆ ಹಾಕಬೇಡಿ.

ಎರಡು ತಿಂಗಳು ಅಂದರೆ ಸವೆತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ಯಾಗಿಗೆ ತೂತು ಬೀಳುವುದು ಜಾಸ್ತಿ ಕ್ಯಾರಿಯರ್ ಕಂಬಿ ತಾಗುವ ಕಡೆ. ಕಂಬಿ ಮತ್ತು ಬ್ಯಾಗಿನ ನಡುವೆ ಮರಳು ಸೇರಿ ಉಜ್ಜುತ್ತಾ ಹೋಗುತ್ತದೆ. ಆ ಜಾಗದ ಕಂಬಿಗೆ ಹಳೆಯ ಟ್ಯೂಬ್ ಸುತ್ತಿ ಟೇಪ್ ಹಾಕಿ. ಹುಕ್ಕುಗಳು ಕಂಬಿಯ ಮೇಲೆ ಅಲುಗಾಡದಂತೆ ಬಿಗಿಯಾಗಿರಲಿ. ಒಳಗಿನಿಂದ ಸ್ಟೌವ್, ಬೀಗದ ಚೂಪು ಅಂಚು ತಾಗದಂತೆ ಬಟ್ಟೆ ಸುತ್ತಿಡಿ. ವಾರಕ್ಕೊಮ್ಮೆ ರಾತ್ರಿ ಖಾಲಿ ಬ್ಯಾಗಿನೊಳಗೆ ಟಾರ್ಚ್ ಹಚ್ಚಿ ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಹೇಳುತ್ತದೆ. ಟಾರ್ಪಾಲಿನ್ ಥರದ ಪಿವಿಸಿ ಬ್ಯಾಗಿಗೆ ಪಂಕ್ಚರ್ ಕಿಟ್‌ನ ರಬ್ಬರ್ ತೇಪೆ ನಿಲ್ಲುವುದಿಲ್ಲ, ಪಿವಿಸಿಗೆ ಅಂತಲೇ ಇರುವ ತೇಪೆ ಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಬೇಗ ಏಳುತ್ತದೆ. ಅಂಟಿಸುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದ ಮೇಲೇ ಅಂಟಿಸಿ.

ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ. ಲೈನರ್ ತೆಗೆದು, ಬ್ಯಾಗಿನೊಳಗೆ ಹಳೆಯ ಪೇಪರ್ ತುಂಬಿ, ಕವರ್ ಹಾಕಿ, ಸೈಕಲ್‌ಗೆ ಸಿಕ್ಕಿಸಿ ನಿಲ್ಲಿಸಿ. ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ, ಮುಖ್ಯವಾಗಿ ಚಕ್ರದ ಕಡೆಯಿಂದ, ಕೆಳಗಿನಿಂದ ಮೇಲಕ್ಕೆ. ಆಮೇಲೆ ಪೇಪರನ್ನು ಒಂದೊಂದೇ ಹಾಳೆಯಾಗಿ ತೆಗೆಯುತ್ತಾ ಯಾವ ಮೂಲೆಯದು ಒದ್ದೆ ನೋಡಿ. ಅಲ್ಲಿನ ಹೊಲಿಗೆಗೆ ಇನ್ನೊಂದು ಕೈ ಸೀಲರ್ ಹಚ್ಚಿ, ಒಂದು ರಾತ್ರಿ ಒಣಗಲು ಬಿಟ್ಟು, ಮತ್ತೆ ನೀರು ಬಿಡಿ. ಲೈನರಿಗೆ ಬೇರೆ ಪರೀಕ್ಷೆ: ಗಾಳಿ ತುಂಬಿ ಬಾಯಿ ಮುಚ್ಚಿ, ಬಕೆಟ್ ನೀರಿನಲ್ಲಿ ಒತ್ತಿ ಹಿಡಿಯಿರಿ. ಗುಳ್ಳೆ ಬಂದ ಕಡೆ ತೇಪೆ ಹಾಕಿ.