ಉಗುರಿನಷ್ಟು ಜಾಗದಲ್ಲಿ ಸಳ, ಹುಲಿ, ಕಾಫಿ

ಪ್ರಶ್ನೆ: ನಾವು 14 ಜನ ಸೇರಿ ಮಲೆನಾಡಿನ ಮಾತುಗಳ ಪದಕೋಶವನ್ನು ಇಂಟರ್ನೆಟ್‌ನಲ್ಲಿ ಕಟ್ಟುತ್ತಿದ್ದೇವೆ. ಯಾರು ಬೇಕಾದರೂ ಪದ ಸೇರಿಸಬಹುದು, ತಿದ್ದಬಹುದು. ಪದಗಳ ಬಗ್ಗೆ ಇದುವರೆಗೆ ಜಗಳ ಆಗಿಲ್ಲ, ಲೋಗೋ ಬಗ್ಗೆ ಆಗಿದೆ. ಅರ್ಧ ಜನಕ್ಕೆ ಬೇಲೂರಿನ ಸಳ ಬೇಕು, ಇನ್ನರ್ಧ ಜನಕ್ಕೆ ಕಾಫಿ ಬೀಜ. ಓಟು ಹಾಕಿದೆವು, 7–7 ಬಂತು. ಎರಡನ್ನೂ ಸೇರಿಸಿಬಿಡೋಣವೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ದಯವಿಟ್ಟು ಸೇರಿಸಬೇಡಿ. ಹಾಸನದಲ್ಲಿ ನಾನು ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದ ಕಾಲದಲ್ಲಿ ಒಂದು ಹಾಲಿನ ಸಂಘದವರು ಬಂದರು. ಅಧ್ಯಕ್ಷರಿಗೆ ಹಸು ಬೇಕು, ಕಾರ್ಯದರ್ಶಿಗೆ ಹುಟ್ಟೋ ಸೂರ್ಯ, ಇನ್ನೊಬ್ಬರಿಗೆ ಜೋಳದ ತೆನೆ, ಮತ್ತೊಬ್ಬರಿಗೆ ಕುಲುಕೋ ಕೈಗಳು. ಯಾರಿಗೂ ಬೇಜಾರಾಗಬಾರದು ಅಂತ ಎಲ್ಲವನ್ನೂ ಬರೆದೆ. ಸಂಘದ ಹೆಸರಿಗೆ ಉಳಿದದ್ದು ಮೂರು ಇಂಚು ಜಾಗ. ವಾರ ಕಳೆದ ಮೇಲೆ ಹಾಲು ಹಾಕಲು ಬಂದ ಹೆಂಗಸೊಬ್ಬರು ಕೇಳಿದರು, "ಅಣ್ಣಾ, ಇದು ಯಾವ ಪಾರ್ಟಿ ಆಫೀಸು?"

ನಿಮ್ಮ ಬೋರ್ಡು ಅದಕ್ಕಿಂತ ಚಿಕ್ಕದು. ಬ್ರೌಸರ್‌ನ ತುದಿಯಲ್ಲಿ, ವೆಬ್‌ಸೈಟ್ ಹೆಸರಿನ ಪಕ್ಕ ಕಾಣುವ ಚಿತ್ರ ಸಾಮಾನ್ಯವಾಗಿ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ನಿಮ್ಮ ಪತ್ರ ಓದಿದ ಮೇಲೆ ಸಳನ ಗೆರೆಚಿತ್ರ ಬಿಡಿಸಿ ಅಷ್ಟಕ್ಕೇ ಇಳಿಸಿ ನೋಡಿದೆ. ಬೇಲೂರಿನ ಕಲ್ಲಿನಲ್ಲಿ ಹುಲಿಯ ಪಂಜ ಬೇರೆ, ಸಳನ ಕೈ ಬೇರೆ, ಎಷ್ಟು ಚೆನ್ನಾಗಿ ಕಾಣುತ್ತದೆ! ಇಲ್ಲಿ ಎರಡೂ ಕಲಸಿಹೋಯಿತು. ಮೊಮ್ಮಗಳು ಬಗ್ಗಿ ನೋಡಿ, "ಅಜ್ಜಾ, ಯಾರ ಮೈಮೇಲೋ ನಾಯಿ ಹಾರಿದೆ" ಅಂದಳು.

ಕಾಫಿ ಬೀಜ ಆ ಅಳತೆಯಲ್ಲೂ ನಿಲ್ಲುತ್ತದೆ. ಒಂದು ಮೊಟ್ಟೆಯಾಕಾರ, ನಡುವೆ ಒಂದು ಸೊಟ್ಟ ಗೆರೆ, ಅಷ್ಟೇ. ಆದರೆ ನೋಡಿದವರು ಪದಕೋಶ ಅಂದುಕೊಳ್ಳಲ್ಲ, ಕಾಫಿಪುಡಿ ಅಂಗಡಿ ಅಂತಾರೆ. ಚಿಕ್ಕಮಗಳೂರಿನಲ್ಲಂತೂ ಕೇಳಲೇಬೇಡಿ.

ನಿಮ್ಮ ಹಾಗೆಯೇ ಎಲ್ಲರೂ ಸೇರಿ ಬರೆಯುವ ವಿಕಿಪೀಡಿಯವನ್ನು ನೋಡಿ. ಅವರ ಗೋಳದ ಲೋಗೋ 2003ರಲ್ಲಿ ಸ್ಪರ್ಧೆ ನಡೆಸಿ ಆರಿಸಿದ್ದು. ಜಿಗ್ಸಾ ತುಂಡುಗಳು, ತುಂಡಿಗೊಂದು ಲಿಪಿಯ ಅಕ್ಷರ. ನಮ್ಮ 'ವಿ' ಕೂಡ ಅದರಲ್ಲಿದೆ. ಮೇಲೆ ಕೆಲವು ತುಂಡುಗಳೇ ಇಲ್ಲ, ಕೆಲಸ ಇನ್ನೂ ಮುಗಿದಿಲ್ಲ ಅಂತ. ಅಷ್ಟು ಯೋಚಿಸಿ ಮಾಡಿದ್ದರಲ್ಲೂ ಜಪಾನಿ ಅಕ್ಷರ, ದೇವನಾಗರಿ ಅಕ್ಷರ ತಪ್ಪಾಗಿದ್ದವು. 2010ರಲ್ಲಿ ಗೋಳವನ್ನು ಹೊಸದಾಗಿ ಬಿಡಿಸಿದಾಗ ಸರಿಹೋಯಿತು. ಹಾಗಾಗಿ ಕನ್ನಡ ಬರದ ಡಿಸೈನರ್ ಕೈಗೆ ಕೊಟ್ಟರೆ ಒತ್ತು, ಕೊಂಬು, ದೀರ್ಘ ಎಲ್ಲ ಒಂದು ಸಲ ನೀವೇ ಓದಿ ನೋಡಿ. ಇನ್ನೊಂದು ವಿಷಯ. ಬ್ರೌಸರ್ ತುದಿಯ ಆ ಚಿಕ್ಕ ಜಾಗಕ್ಕೆ ಅವರೂ ಗೋಳ ತುರುಕಲಿಲ್ಲ. ಅಲ್ಲಿ ಇರೋದು 'ಡಬ್ಲ್ಯೂ' ಅನ್ನೋ ಒಂದೇ ಇಂಗ್ಲಿಷ್ ಅಕ್ಷರ.

ನಿಮ್ಮದೂ ಮಾತಿನ ಕೆಲಸ ಅಲ್ವಾ? ಒಂದೇ ಅಕ್ಷರ ಸಾಕು. ನನಗೆ 'ಗ' ಹೊಳೆಯಿತು, ಗೊರಬಿನ 'ಗ'. ಬಿದಿರಿನಲ್ಲಿ ಹೆಣೆದು ಎಲೆ ಹೊದಿಸಿದ ಗೊರಬನ್ನು ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟು, ಮಳೆಯಲ್ಲಿ ಬಗ್ಗಿ ನಾಟಿ ಮಾಡುವವರನ್ನು ಪಕ್ಕದಿಂದ ನೆನಪಿಸಿಕೊಳ್ಳಿ. 'ಗ' ಅಕ್ಷರದ ಕಮಾನು ಹಾಗೇ ಬಗ್ಗಿದೆ. ದಪ್ಪ ಗೆರೆಯಲ್ಲಿ, ಒಂದೇ ಬಣ್ಣದಲ್ಲಿ ಬರೆಯಿರಿ. ಜೆರಾಕ್ಸ್ ಮಾಡಿದರೂ ಕೆಡಬಾರದು.

ಜಗಳ ಬಿಡಿಸಲು ಬಂದವನು ಮೂರನೇ ಚಿತ್ರ ತಂದಿಟ್ಟ ಅಂತ ಬೈಬೇಡಿ. ಮೂರನ್ನೂ ಉಗುರಿನಷ್ಟಕ್ಕೆ ಇಳಿಸಿ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಈ ಸಲ ಒಬ್ಬರಿಗೆ ಒಂದೇ ಓಟು ಬೇಡ. 'ಇದಾದರೂ ಪರವಾಗಿಲ್ಲ' ಅನ್ನಿಸಿದ ಎಲ್ಲದಕ್ಕೂ ಟಿಕ್ ಹಾಕಲಿ. ಜಾಸ್ತಿ ಟಿಕ್ ಬಿದ್ದದ್ದು ಗೆದ್ದಿತು. ಗೆದ್ದ ಚಿತ್ರ ಬರೆದವರಿಂದ, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ತಮ್ಮ ಕೆಲಸವನ್ನು ಬೇರೆಯವರೂ ಬಳಸಲಿ ಅಂತ ಕೊಡುವ ಅನುಮತಿ) ಅಡಿ ಕೊಡುತ್ತೇನೆ ಅಂತ ಆಗಲೇ ಬರೆಸಿಕೊಳ್ಳಿ. ನಾಳೆ ಅವರು ಮುನಿಸಿಕೊಂಡು ಹೋದರೂ ಲೋಗೋ ನಿಮ್ಮಲ್ಲಿ ಉಳಿಯುತ್ತದೆ.

ಅಂದ ಹಾಗೆ, ಗೊರಬು ನಿಮ್ಮ ಪದಕೋಶಕ್ಕೆ ಸೇರಿದೆಯಾ? ಇಲ್ಲದಿದ್ದರೆ ಇವತ್ತೇ ಸೇರಿಸಿಬಿಡಿ, ಲೋಗೋ ಆಮೇಲೆ ನೋಡಿಕೊಳ್ಳೋಣ.