ಪಿಟ್ಸ್‌ಬರ್ಗ್‌ಗೆ ಹೋಗೋರು ಹೋಟೆಲ್ ರೇಟಲ್ಲ, ಸುರಂಗ ಎಣಿಸಿ

ನ್ಯೂಜೆರ್ಸಿಯ ಎಡಿಸನ್‌ನಿಂದ ಕಾರು, ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ ತೋರಿಸಬೇಕು, ಮೇ ಕೊನೆಯ ಮೆಮೋರಿಯಲ್ ಡೇ ರಜೆ, ಮೂರು ರಾತ್ರಿ, 800 ಡಾಲರ್. ಮೂರು ಹೋಟೆಲ್‌ಗಳ ಪಟ್ಟಿ ಕೊಟ್ಟು, ಎಲ್ಲಕ್ಕಿಂತ ಅಗ್ಗದ್ದು ಯಾವುದು, ಹಾಗೇ ನಯಾಗರಾನೂ ಮುಗಿಸಬಹುದಾ ಅಂತ ಕೇಳಿದ್ದೀರಿ. ಓದುತ್ತಾ ನನ್ನ ಹಳೇ ಫೋಟೋ ನೋಡಿದ ಹಾಗಾಯಿತು. 2018ರ ಲೇಬರ್ ಡೇ ರಜೆಗೆ ನಾನೂ ನಿಮ್ಮ ಪಕ್ಕದ ಊರಿಂದಲೇ, ಇದೇ ಕಾರಣಕ್ಕೆ, ಇದೇ ನಾಲ್ಕು ಜನ ಹೊರಟಿದ್ದೆ.

ಅಮ್ಮ ಟಿ. ನರಸೀಪುರದಿಂದ ಬರುವಾಗಲೇ ಹಳದಿ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟಿಕೊಂಡು ಬಂದಿದ್ದರು. ಪಿಟ್ಸ್‌ಬರ್ಗ್ ತಿಮ್ಮಪ್ಪನ ಹುಂಡಿಗೆ ಹಾಕಬೇಕು. 1976ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ ಅದು, ಅಮೆರಿಕದ ಹಳೇ ಹಿಂದೂ ದೇವಸ್ಥಾನಗಳಲ್ಲಿ ಒಂದು ಅಂತ ಎಲ್ಲೋ ಓದಿಕೊಂಡಿದ್ದರು. ಅಪ್ಪ ಕೆ.ಇ.ಬಿ.ಯಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದವರು. ಜೇಬಲ್ಲಿ ಪುಟ್ಟ ಡೈರಿ. ನಾನು ಕಾಫಿ ಕುಡಿದರೂ ಅದರಲ್ಲಿ ಬರೆದು, ಎಪ್ಪತ್ತರಿಂದ ಗುಣಿಸಿ, ಒಂದು ಸಲ ನನ್ನ ಮುಖ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿಯೇ ನಾನು ಈ ತಪ್ಪು ಮಾಡಿದ್ದು ಅನ್ನಿಸುತ್ತೆ.

ತಪ್ಪು ಏನಂದರೆ ಹೋಟೆಲ್ ಬುಕ್ ಮಾಡುವ ಸೈಟಿನಲ್ಲಿ "ಪಿಟ್ಸ್‌ಬರ್ಗ್" ಅಂತ ಹೊಡೆದೆ, ಕಡಿಮೆ ಬೆಲೆಯದ್ದು ಮೇಲೆ ಬರುವ ಹಾಗೆ ಮಾಡಿದೆ, ಮೊದಲು ಬಂದಿದ್ದನ್ನು ಒತ್ತಿದೆ. ರಾತ್ರಿಗೆ 79 ಡಾಲರ್. ಹೋಟೆಲ್ಲಿನ ಹೆಸರಲ್ಲೇ ಪಿಟ್ಸ್‌ಬರ್ಗ್ ಅಂತ ಇತ್ತು. ಬೆಳಗಿನ ತಿಂಡಿ ಉಚಿತ. ರದ್ದು ಮಾಡಲ್ಲ ಅಂತ ಒಪ್ಪಿಕೊಂಡರೆ ಇನ್ನೂ ಸ್ವಲ್ಪ ಕಡಿಮೆ ಅಂದರು, ಅದಕ್ಕೂ ಒಪ್ಪಿದೆ. ಮ್ಯಾಪ್ ತೆಗೆದು ನೋಡಲಿಲ್ಲ. ದುಡ್ಡು ಕಟ್ಟಿ ಆದಮೇಲೂ ನೋಡಲಿಲ್ಲ. ಹೊರಡುವ ಶುಕ್ರವಾರ ಕಾರಿನಲ್ಲಿ ಕೂತು ವಿಳಾಸ ಹಾಕಿದಾಗಲೇ ಗೊತ್ತಾಗಿದ್ದು, ಅದು ಏರ್‌ಪೋರ್ಟ್ ಪಕ್ಕದ ಹೋಟೆಲ್ ಅಂತ.

ಅದರಲ್ಲೇನು ತಪ್ಪು ಅಂತೀರಾ? ಸ್ವಲ್ಪ ತಾಳ್ಮೆಯಿಂದ ಓದಿ, ಯಾಕಂದರೆ ನಿಮ್ಮ ಪಟ್ಟಿಯಲ್ಲಿರೋ ಮೂರರಲ್ಲಿ ಎರಡು ಹೋಟೆಲ್ ಅದೇ ಏರ್‌ಪೋರ್ಟ್ ಸುತ್ತಮುತ್ತ ಇವೆ.

ಪಿಟ್ಸ್‌ಬರ್ಗನ್ನು ಒಂದು ದಾರಕ್ಕೆ ಪೋಣಿಸಿದ ಹಾಗೆ ಯೋಚನೆ ಮಾಡಿ. ದಾರ ಅಂದರೆ ಐ-376 ಹೆದ್ದಾರಿ. ಪಶ್ಚಿಮದ ತುದಿಯಲ್ಲಿ ಏರ್‌ಪೋರ್ಟ್. ಅಲ್ಲಿಂದ ಪೂರ್ವಕ್ಕೆ ಬಂದರೆ ಫೋರ್ಟ್ ಪಿಟ್ ಸುರಂಗ, ಸೇತುವೆ, ಡೌನ್‌ಟೌನ್, ಆಮೇಲೆ ವಿಶ್ವವಿದ್ಯಾಲಯಗಳಿರುವ ಓಕ್ಲೆಂಡ್, ಆಮೇಲೆ ಸ್ಕ್ವಿರಲ್ ಹಿಲ್ ಸುರಂಗ, ಕೊನೆಗೆ ಪೂರ್ವದಲ್ಲಿ ಪೆನ್ ಹಿಲ್ಸ್, ಮನ್ರೋವಿಲ್. ದೇವಸ್ಥಾನ ಇರುವುದು ಪೆನ್ ಹಿಲ್ಸ್‌ನಲ್ಲಿ. ಅಂದರೆ ಬನಶಂಕರಿ ದೇವಸ್ಥಾನಕ್ಕೆ ಬಂದವನು ದೇವನಹಳ್ಳಿಯಲ್ಲಿ ರೂಮು ಮಾಡಿದ ಹಾಗಾಯಿತು ನನ್ನ ಕಥೆ. ಸುಮಾರು 30 ಮೈಲಿ, ನಡುವೆ ಎರಡು ಸುರಂಗ. ಸುರಂಗದ ಒಳಗೆ ಜಾಗ ಇರುತ್ತೆ, ಆದರೆ ಬಾಯಿಯ ಹತ್ತಿರ ಬಂದ ತಕ್ಷಣ ಯಾಕೋ ಎಲ್ಲರೂ ಬ್ರೇಕ್ ಒತ್ತುತ್ತಾರೆ. ಅದು ಆ ಊರಿನವರ ಚಾಳಿ. ಹಿಂದಿನ ಸಾಲು ಮೈಲಿಗಟ್ಟಲೆ ನಿಲ್ಲುತ್ತೆ.

ಇನ್ನೂ ಹೊಟ್ಟೆ ಉರಿಸುವ ವಿಷಯ ಕೇಳಿ. ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಅನ್ನುವ ಟೋಲ್ ಹೆದ್ದಾರಿಯಲ್ಲಿ ಬಂದವರು ಇಳಿಯುವುದೇ ಮನ್ರೋವಿಲ್‌ನಲ್ಲಿ, 57ನೇ ಎಕ್ಸಿಟ್. ಇಳಿದಾಗ ನನ್ನ ಹೆಂಡತಿ ಫೋನ್ ನೋಡಿ, "ರೀ, ದೇವಸ್ಥಾನ ಇಲ್ಲೇ ಹತ್ತಿರದಲ್ಲೇ ತೋರಿಸ್ತಿದೆಯಲ್ಲ" ಅಂದಳು. ನಾಳೆ ಬರೋಣ, ಮೊದಲು ರೂಮು ಸೇರೋಣ ಅಂದೆ. ದೇವರ ಬಾಗಿಲಿಗೆ ಬಂದು, ಬೆನ್ನು ತಿರುಗಿಸಿ, ಇಡೀ ಊರನ್ನು ಉದ್ದಕ್ಕೆ ದಾಟಿ ಆ ತುದಿಗೆ ಹೋಗಿ ಮಲಗಿದೆವು. ಎಕ್ಸಿಟ್‌ನಿಂದ ರೂಮಿಗೆ ಒಂದೂಕಾಲು ಗಂಟೆ.

ಶನಿವಾರ ಬೆಳಗ್ಗೆ ಫೋರ್ಟ್ ಪಿಟ್ ಸುರಂಗದಿಂದ ಹೊರಗೆ ಬಂದಾಗ ಅಪ್ಪ "ಅಬ್ಬಬ್ಬಾ!" ಅಂದರು. ನಿಜವಾಗಿ ಹಾಗೇ ಇದೆ. ಕತ್ತಲೆಯಲ್ಲಿ ಹೋಗುತ್ತಾ ಹೋಗುತ್ತಾ, ಒಂದೇ ಸಲಕ್ಕೆ ನದಿ, ಹಳದಿ ಸೇತುವೆಗಳು, ಗಾಜಿನ ಕಟ್ಟಡಗಳು ಎಲ್ಲ ಮುಖಕ್ಕೇ ಬಂದು ನಿಲ್ಲುತ್ತವೆ. ಅದೊಂದು ಸಲ ಮಾತ್ರ ಆ ಹೋಟೆಲ್ ಹಿಡಿದಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ದೇವಸ್ಥಾನದಲ್ಲಿ ದರ್ಶನ ಆಯಿತು, ಮುಡಿಪು ಹುಂಡಿಗೆ ಬಿತ್ತು, ಕೆಳಗೆ ಕ್ಯಾಂಟೀನಿನಲ್ಲಿ ಹುಳಿಯನ್ನ, ಮೊಸರನ್ನ. ಅಮ್ಮ ಅರ್ಚಕರ ಹತ್ತಿರ ಮಾತಾಡಿ, ಭಾನುವಾರ ಬೆಳಗಿನ ಸೇವೆಗೆ ಬರುತ್ತೇವೆ ಅಂದು ಬಂದರು.

ಇಲ್ಲಿಂದ ಶುರು. ಅಪ್ಪನಿಗೆ ಊಟ ಆದಮೇಲೆ ಮುಕ್ಕಾಲು ಗಂಟೆ ಅಡ್ಡಾಗಲೇಬೇಕು. ನಲವತ್ತು ವರ್ಷದ ಅಭ್ಯಾಸ. ನಿಮ್ಮ ತಂದೆಯವರೂ ಹಾಗೇ ಇರಬಹುದು. ರೂಮು ಹತ್ತು ನಿಮಿಷದಲ್ಲಿದ್ದಿದ್ದರೆ ಮಲಗಿ ಎದ್ದು ನಾಲ್ಕು ಗಂಟೆಗೆ ಊರು ಸುತ್ತಬಹುದಿತ್ತು. ನಮ್ಮ ರೂಮು ಎರಡು ಸುರಂಗದ ಆಚೆ. ಹೋದೆವು. ಮಲಗಿದರು. ಸಂಜೆ ಮತ್ತೆ ಸುರಂಗ ದಾಟಿ ಡೌನ್‌ಟೌನ್‌ಗೆ, ರಾತ್ರಿ ಮತ್ತೆ ವಾಪಸ್. ಮೂರನೇ ಸಲ ಅದೇ ನದಿ, ಅದೇ ಹಳದಿ ಸೇತುವೆ ಕಂಡಾಗ ಅಪ್ಪ ಕಣ್ಣು ಮುಚ್ಚಿಕೊಂಡೇ ಇದ್ದರು.

ಭಾನುವಾರ ಸುರಂಗದೊಳಗೆ ಯಾರದೋ ಗಾಡಿ ಕೆಟ್ಟು ನಿಂತಿತ್ತು. ಒಂದೇ ಸಾಲಿನಲ್ಲಿ ಬಿಡುತ್ತಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ ಮಡಿ ಸೀರೆ ಉಟ್ಟು, ಕಾಫಿಯನ್ನೂ ಕುಡಿಯದೆ, ಹಣ್ಣಿನ ತಟ್ಟೆ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ನಾವು ದೇವಸ್ಥಾನದ ಮೆಟ್ಟಿಲು ಹತ್ತುವಾಗ ಸೇವೆ ಮುಗಿದು ತೀರ್ಥ ಕೊಟ್ಟು ಆಗಿತ್ತು. "ಪರವಾಗಿಲ್ಲ ಬಿಡೋ, ಅವನು ಕರೆಸಿಕೊಂಡಾಗ ಬಂದ್ರಾಯ್ತು" ಅಂದರು. ಅವರು ಬೈದಿದ್ದರೆ ಚೆನ್ನಾಗಿರ್ತಿತ್ತು. ಮರುವರ್ಷ ಅವರ ಮಂಡಿ ಕೈಕೊಟ್ಟಿತು. ಮತ್ತೆ ಅಮೆರಿಕಕ್ಕೆ ಬರಲಿಲ್ಲ.

ಮನೆಗೆ ಬಂದಮೇಲೆ ಅಪ್ಪ ಡೈರಿ ತೆಗೆದರು. ಮನ್ರೋವಿಲ್‌ನಲ್ಲಿ ಅದೇ ದಿನಗಳಿಗೆ 104 ಡಾಲರಿಗೆ ರೂಮು ಇತ್ತು ಅಂತ ನಾನೇ ಬಾಯಿ ಬಿಟ್ಟಿದ್ದೆ. ರಾತ್ರಿಗೆ 25ರಂತೆ ಉಳಿದಿದ್ದು 75. ಹೆಚ್ಚಿಗೆ ಸುತ್ತಿದ್ದಕ್ಕೆ ಪೆಟ್ರೋಲ್ 21. ಡೌನ್‌ಟೌನಿನಲ್ಲಿ ಹೆಚ್ಚುವರಿ ಪಾರ್ಕಿಂಗ್ 12. ಕ್ಯಾಂಟೀನಿಗೆ ಹೊತ್ತಾಯಿತು ಅಂತ ಹೊರಗೆ ಉಂಡಿದ್ದರಲ್ಲಿ ಹೆಚ್ಚಾಗಿದ್ದು 34. ಒಟ್ಟು 67. "ಎಂಟು ಡಾಲರ್ ಉಳಿಸಿದೀಯ ಮಗಾ, 560 ರೂಪಾಯಿ" ಅಂದರು. ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದರು: ಸುರಂಗ, ಹದಿನಾಲ್ಕು ಸಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಅಗ್ಗದ ಹೋಟೆಲ್ ಯಾವುದು ಅಂತ ಕೇಳಬೇಡಿ. ನೀವು ಹೋಗುತ್ತಿರುವುದು ದೇವಸ್ಥಾನಕ್ಕೆ, ಜೊತೆಗಿರುವವರು ಮಧ್ಯಾಹ್ನ ಮಲಗುವ ವಯಸ್ಸಿನವರು. ಮನ್ರೋವಿಲ್‌ನಲ್ಲಿ ಇಳಿದುಕೊಳ್ಳಿ. ಮುಗಿಯಿತು. ಅಲ್ಲಿ ಒಲೆ, ಫ್ರಿಜ್ಜು ಇರುವ ರೂಮುಗಳೂ ಸಿಗುತ್ತವೆ, ಒಂದು ಪುಟ್ಟ ರೈಸ್ ಕುಕ್ಕರ್ ಕಾರಿಗೆ ಹಾಕಿ. ಉಚಿತ ತಿಂಡಿ ಅಂತ ಮರುಳಾಗಬೇಡಿ. ಮೊಟ್ಟೆ ಹಾಕಿದ ವಾಫಲ್, ಸಾಸೇಜು, ತಣ್ಣಗಿನ ಹಾಲು. ಅಪ್ಪ ಮೂರು ದಿನವೂ ಬಾಳೆಹಣ್ಣು ತಿಂದು ಎದ್ದರು.

ನಯಾಗರಾ? ಪಿಟ್ಸ್‌ಬರ್ಗಿನಿಂದ ನಾಲ್ಕು ಗಂಟೆ ದಾರಿ. ಅದನ್ನು ಇದೇ ಟ್ರಿಪ್ಪಿಗೆ ತುರುಕಿದರೆ ಅವರಿಗೆ ನೆನಪಿರೋದು ರೆಸ್ಟ್ ಏರಿಯಾ ಮಾತ್ರ. ಇನ್ನೊಂದು ಸಲ ಹೋಗಿ.

ಊರು ನೋಡೋದಕ್ಕೆ ಒಂದು ಬೆಳಗ್ಗೆ, ಒಂದು ಸಂಜೆ ಸಾಕು, ಖರ್ಚೂ ಹೆಚ್ಚಿಲ್ಲ. ಒಂದು ಕಡೆ ಕಾರು ನಿಲ್ಲಿಸಿದರೆ ಡೌನ್‌ಟೌನಿನ ಒಳಗೆ, ಅಲ್ಲಿಂದ ನದಿಯ ಆ ದಡದ ನಾರ್ತ್ ಶೋರ್‌ವರೆಗೆ, "ಟಿ" ಅಂತ ಕರೆಯುವ ರೈಲಿಗೆ ಟಿಕೆಟ್ ಇಲ್ಲ. ನದಿಯ ಕೆಳಗೆ ಹೋಗುತ್ತೆ. ನಾನು ಇಷ್ಟಪಟ್ಟ ಒಂದೇ ಸುರಂಗ ಅದು. ವಾಪಸ್ ಬರುವಾಗ ಸೇತುವೆ ಮೇಲೆ ನಡೆದು ಬನ್ನಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುವ ಮೂರು ಸೇತುವೆ ಸಾಲಾಗಿವೆ, ಒಂದಕ್ಕೆ ಬೇಸ್‌ಬಾಲ್ ಆಟಗಾರ ಕ್ಲೆಮೆಂಟೆ, ಒಂದಕ್ಕೆ ಕಲಾವಿದ ವಾರ್ಹೋಲ್, ಇನ್ನೊಂದಕ್ಕೆ ಪರಿಸರದ ಬಗ್ಗೆ ಬರೆದ ರೇಚಲ್ ಕಾರ್ಸನ್ ಹೆಸರು.

ಶನಿವಾರ ಬೆಳಗ್ಗೆ ಸ್ಟ್ರಿಪ್ ಡಿಸ್ಟ್ರಿಕ್ಟ್‌ಗೆ ಹೋಗಿ. ಹೆಸರು ಕೇಳಿ ಅಪ್ಪ ಅಮ್ಮನ ಎದುರು ಮುಜುಗರ ಪಡಬೇಡಿ, ಅದು ಹಳೇ ಹಣ್ಣು ತರಕಾರಿ ಮಂಡಿ, ನಮ್ಮ ದೇವರಾಜ ಮಾರ್ಕೆಟ್ ಥರ ಗಲಾಟೆ. ಸಂಜೆ ಇನ್‌ಕ್ಲೈನ್ ಹತ್ತಿಸಿ. ಗುಡ್ಡದ ಮೇಲಕ್ಕೆ ಹಗ್ಗ ಎಳೆಯುವ ಮರದ ಬೋಗಿ, ಡುಕೇನ್ ಇನ್‌ಕ್ಲೈನ್ 1877ರದ್ದು. ಕೆಲವೇ ಡಾಲರ್. ಮಂಡಿನೋವು ಇರುವವರಿಗೂ ಬೆಟ್ಟ ಹತ್ತಿದ ಸಮಾಧಾನ.

ಆದರೆ ಎಲ್ಲಕ್ಕಿಂತ ಮುಖ್ಯ ಪಾಯಿಂಟ್ ಸ್ಟೇಟ್ ಪಾರ್ಕ್. ಟಿಕೆಟ್ ಇಲ್ಲ. ಆಲಿಗೆನಿ, ಮನಂಗಹೀಲ ಎರಡು ನದಿ ಸೇರಿ ಒಹಾಯೊ ಆಗುವ ಮೂಲೆ. ಅಲ್ಲೊಂದು ದೊಡ್ಡ ಕಾರಂಜಿ. ಅದರ ನೀರು ಆ ಮೂರೂ ನದಿಯದ್ದಲ್ಲ, ನೆಲದಡಿ ಹರಿಯುವ ಇನ್ನೊಂದು ಜಲಧಾರೆಯದು, ಊರಿನವರು ನಾಲ್ಕನೇ ನದಿ ಅನ್ನುತ್ತಾರೆ. ಫಲಕ ಓದಿ ನಾನು ಹೇಳಿದ್ದೇ ತಡ, ಅಪ್ಪ ಎದ್ದು ನಿಂತರು. "ಗುಪ್ತಗಾಮಿನಿ ಕಣೋ! ನಮ್ಮ ತಿರುಮಕೂಡಲಲ್ಲಿ ಕಾವೇರಿ, ಕಪಿಲೆ ಕಾಣ್ತವೆ, ಸ್ಫಟಿಕ ಸರೋವರ ಕಾಣಲ್ಲ. ಇಲ್ಲೂ ಹಂಗೇ" ಅಂದರು. ಬಗ್ಗಿ ಆ ನೀರು ಮುಟ್ಟಿ ತಲೆಗೆ ಹಚ್ಚಿಕೊಂಡರು. ಪಕ್ಕದಲ್ಲಿ ಸ್ಕೇಟಿಂಗ್ ಮಾಡುತ್ತಿದ್ದ ಹುಡುಗರು ನೋಡುತ್ತಾ ನಿಂತರು. ಆ ದಿನದ ಡೈರಿಯಲ್ಲಿ ಅಪ್ಪ ಖರ್ಚಿನ ಕಾಲಮ್ಮು ಖಾಲಿ ಬಿಟ್ಟು, ಬರೀ "ಸಂಗಮ" ಅಂತ ಬರೆದಿದ್ದಾರೆ.

ದಾರಿ ಖರ್ಚಿನ ಬಗ್ಗೆ ಒಂದು ಮಾತು. ಟರ್ನ್‌ಪೈಕ್ ಟೋಲಿಗೆ ಈಗ ನಗದು ತೆಗೆದುಕೊಳ್ಳಲ್ಲ. ನಮ್ಮ ಫಾಸ್ಟ್‌ಟ್ಯಾಗ್ ಥರದ ಈಝಿಪಾಸ್ ಇಲ್ಲದೆ ಹೋದರೆ ಕ್ಯಾಮೆರಾ ಕಾರಿನ ನಂಬರ್ ಹಿಡಿದು ಬಿಲ್ಲು ಮನೆಗೆ ಬರುತ್ತೆ, ಸುಮಾರು ಎರಡು ಪಟ್ಟು. ಬಾಡಿಗೆ ಕಾರಾದರೆ ನಿಮ್ಮ ಪಾಸ್ ಜೊತೆಗೆ ಒಯ್ಯಿರಿ, ಆ ಕಾರಿನ ನಂಬರ್ ಖಾತೆಗೆ ಸೇರಿಸಿ. ನಿಮ್ಮ ಕಡೆಯ ರೂಟ್ 22 ಇದೆಯಲ್ಲ, ಅದೇ ರಸ್ತೆ ಹ್ಯಾರಿಸ್‌ಬರ್ಗ್ ಹಾಯ್ದು, ಆಲ್ಟೂನಾ ಹತ್ತಿರದಿಂದ ಮನ್ರೋವಿಲ್ ಪೇಟೆಯ ನಡುವೆಯೇ ಹೋಗುತ್ತೆ. ಟರ್ನ್‌ಪೈಕ್ ತಪ್ಪಿಸಲು ಕೆಲವರು ಅದನ್ನು ಹಿಡಿಯುತ್ತಾರೆ. ವಯಸ್ಸಾದವರನ್ನು ಕೂರಿಸಿಕೊಂಡು ಹೋಗುವಾಗ ನಾನಂತೂ ಬೇಡ ಅಂತೀನಿ.

800ರಲ್ಲಿ ಆಗುತ್ತೆ, ಅರ್ಧ ರೂಮಿಗೇ ಅಂತ ಎತ್ತಿಡಿ. ಮೊದಲು ದೇವಸ್ಥಾನದ ವೆಬ್‌ಸೈಟಿನಲ್ಲಿ ಆ ವಾರಾಂತ್ಯದ ಸೇವೆಯ ಹೊತ್ತು ನೋಡಿ, ನಿಮ್ಮ ಅಮ್ಮನನ್ನು ಯಾವುದಕ್ಕೆ ಹೋಗಬೇಕು ಅಂತ ಕೇಳಿ. ಆಮೇಲೆ ಮ್ಯಾಪ್ ತೆಗೆಯಿರಿ. ಆಮೇಲೆ ಹೋಟೆಲ್. ರದ್ದು ಮಾಡೋಕೆ ಬರುವಂಥದ್ದು, ಹತ್ತು ಡಾಲರ್ ಜಾಸ್ತಿಯಾದರೂ ಸರಿ.