ವಾಸ್ತುಶಿಲ್ಪಿಯೊಬ್ಬರು ಕ್ಯಾಂಪಸ್ ಯೋಜಕರಾದರೆ ವಿನ್ಯಾಸದ ಕೆಲಸ ಕೈತಪ್ಪಿಹೋಗುತ್ತದೆಯೇ?

6 ವರ್ಷ ಕಟ್ಟಡಗಳನ್ನು ವಿನ್ಯಾಸಗೊಳಿಸಿದ ನಿಮಗೆ ವಿಶ್ವವಿದ್ಯಾಲಯವೊಂದರ ಯೋಜನಾ ವಿಭಾಗದಿಂದ ಕರೆ ಬಂದಿದೆ, ಅಲ್ಲಿಗೆ ಹೋದರೆ ವಿನ್ಯಾಸಕಾರನಾಗಿ ಮುಗಿದಂತೆಯೇ ಎಂದು ಕೇಳಿದ್ದೀರಿ. 9 ವರ್ಷ ಆರ್ಕಿಟೆಕ್ಟ್ ಆಗಿ ದುಡಿದು, 14 ವರ್ಷಗಳಿಂದ ಕ್ಯಾಂಪಸ್ ಯೋಜನೆಯಲ್ಲಿರುವ ನನಗೂ ಒಂದು ಕಾಲಕ್ಕೆ ಇದೇ ಭಯವಿತ್ತು. ಕಟ್ಟಡದ ವಿನ್ಯಾಸ ಬಹುಮಟ್ಟಿಗೆ ನಿಮ್ಮ ಕೈಬಿಟ್ಟು ಹೋಗುತ್ತದೆ. ಅದನ್ನು ಮುಚ್ಚಿಟ್ಟು ಸಮಾಧಾನ ಹೇಳಲಾರೆ. ಆದರೆ ಯಾವ ಕಟ್ಟಡ ಬೇಕು, ಎಲ್ಲಿ ಬೇಕು, ಯಾವುದು ಬೇಡವೇ ಬೇಡ ಎಂಬ ಮಾತು ಮೊದಲು ನಡೆಯುವುದು ನಿಮ್ಮ ಮೇಜಿನ ಬಳಿ.

ನಾನು ಸೇರಿದ ಮೊದಲ ವರ್ಷ ಒಂದು ವಿಭಾಗದವರು ತರಗತಿ ಕೋಣೆಗಳು ಸಾಲುತ್ತಿಲ್ಲವೆಂದು ಹೊಸ ಕಟ್ಟಡ ಕೇಳಿದರು. ಹಳೆಯ ಅಭ್ಯಾಸಬಲದಿಂದ ನಾನು ಎರಡೇ ವಾರದಲ್ಲಿ ನಕ್ಷೆ ಬಿಡಿಸಿಬಿಟ್ಟೆ. ಹಿರಿಯ ಸಹೋದ್ಯೋಗಿಯೊಬ್ಬರು ನಕ್ಷೆಯನ್ನು ಬದಿಗಿಟ್ಟು ವೇಳಾಪಟ್ಟಿಯನ್ನು ತೆರೆದರು. ಕೋಣೆ ವಾರಕ್ಕೆ ಎಷ್ಟು ಗಂಟೆ ಬಳಕೆಯಾಗುತ್ತದೆ, ಬಳಕೆಯಾಗುವಾಗ ಎಷ್ಟು ಆಸನಗಳು ತುಂಬಿರುತ್ತವೆ ಎಂಬ ಎರಡು ಲೆಕ್ಕಗಳನ್ನು ಅವರು ಅಂದು ಕಲಿಸಿಕೊಟ್ಟರು. ಬೆಳಗಿನ ಹೊತ್ತು ನಿಲ್ಲಲು ಜಾಗವಿಲ್ಲದ ಕೋಣೆಗಳು ಮಧ್ಯಾಹ್ನ ಬೀಗ ಹಾಕಿಕೊಂಡಿದ್ದವು. 60 ಆಸನಗಳ ಕೋಣೆಯಲ್ಲಿ 20 ಮಂದಿಯ ತರಗತಿ ನಡೆಯುತ್ತಿತ್ತು. ವೇಳಾಪಟ್ಟಿ ಬದಲಾಯಿತು, ಕಟ್ಟಡ ಬೇಕಾಗಲಿಲ್ಲ. ಆ ಜಾಗದ ಮರಗಳು ಇಂದಿಗೂ ಇವೆ, ಮತ್ತು ನಾನು ಕಟ್ಟಿಸಿದ ಯಾವ ಕಟ್ಟಡದ ಬಗ್ಗೆಯೂ ಇಲ್ಲದ ಹೆಮ್ಮೆ ನನಗೆ ಆ ಮರಗಳ ಬಗ್ಗೆ ಇದೆ.

ಖಾಲಿ ಜಾಗವನ್ನು ಕಾಯುವುದೇ ಈ ವೃತ್ತಿಯ ಅತ್ಯಂತ ಕಷ್ಟದ ವಿನ್ಯಾಸ. ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ರೂಪಿಸಿದ ವರ್ಜೀನಿಯಾ ವಿಶ್ವವಿದ್ಯಾಲಯದ ನಿರ್ಮಾಣ 1817ರಲ್ಲಿ ಆರಂಭವಾಯಿತು; ಅವರ ಯೋಜನೆಯಲ್ಲಿ ಉದ್ದನೆಯ ಹುಲ್ಲುಹಾಸಿನ ಎರಡು ಬದಿಗೆ ಪ್ರಾಧ್ಯಾಪಕರ ಮನೆಗಳೂ ವಿದ್ಯಾರ್ಥಿಗಳ ಕೋಣೆಗಳೂ, ಉತ್ತರದ ತುದಿಗೆ ಗುಮ್ಮಟದ ಗ್ರಂಥಾಲಯವೂ ನಿಗದಿಯಾಗಿದ್ದವು. ದಕ್ಷಿಣದ ತುದಿಯನ್ನು ಅವರು ತೆರೆದೇ ಬಿಟ್ಟಿದ್ದರು. 1895ರಲ್ಲಿ ಗ್ರಂಥಾಲಯ ಬೆಂಕಿಗೆ ಸಿಕ್ಕಿತು, ಆಮೇಲಿನ ನಿರ್ಮಾಣದಲ್ಲಿ ಕ್ಯಾಬೆಲ್ ಹಾಲ್ ಎದ್ದು ಆ ತೆರೆದ ತುದಿ ಮುಚ್ಚಿಹೋಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಆದದ್ದು ಬೇರೆ. 1880ರ ದಶಕದಲ್ಲಿ ಭೂದೃಶ್ಯ ವಿನ್ಯಾಸಕ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್, ಮುಖ್ಯ ಅಂಗಳದ ಪೂರ್ವ ಪಶ್ಚಿಮಗಳಿಗೆ ಇನ್ನಷ್ಟು ಅಂಗಳಗಳು ಬೆಳೆಯಲೆಂದು ಯೋಜಿಸಿದ್ದರು; ನಡುವೆ ದಶಕಗಳ ಕಾಲ ಆ ಯೋಜನೆ ಮರೆತುಹೋಗಿದ್ದರೂ, 100ಕ್ಕೂ ಹೆಚ್ಚು ವರ್ಷಗಳ ನಂತರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಅಂಗಳವನ್ನು ಪಶ್ಚಿಮಕ್ಕೆ ಅದೇ ಜಾಡಿನಲ್ಲಿ ಕಟ್ಟಿದರು.

ನೆಲದಡಿಯ ಕೊಳವೆಗಳು, ಹಳೆಯ ಕಟ್ಟಡಗಳ ದುರಸ್ತಿಯ ಬಾಕಿ, ಮುಂಗಡಪತ್ರ ಇವೆಲ್ಲವನ್ನೂ ಕಲಿಯಬೇಕಾಗುತ್ತದೆ, ಕಲಿಯಬಹುದು. ಇಳಿಜಾರು, ನೆರಳು, ಹುಲ್ಲಿನ ಮೇಲೆ ವಿದ್ಯಾರ್ಥಿಗಳು ತುಳಿದು ಮಾಡಿದ ಕಾಲುಹಾದಿ ಇವನ್ನು ಓದುವ ಕಣ್ಣು ಆರ್ಕಿಟೆಕ್ಟ್‌ಗೆ ಮೊದಲೇ ಇರುತ್ತದೆ, ಲೆಕ್ಕಪತ್ರದ ಹಿನ್ನೆಲೆಯಿಂದ ಬಂದ ಯೋಜಕರಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ. ನಿಮ್ಮ ವೃತ್ತಿ ನೋಂದಣಿಯನ್ನು ಮಾತ್ರ ಕೈಬಿಡಬೇಡಿ.

ಒಪ್ಪಿಕೊಳ್ಳುವ ಮುನ್ನ ಅವರನ್ನು ಒಂದು ಮಾತು ಕೇಳಿ: ಹೊಸ ಕಟ್ಟಡದ ಪ್ರಸ್ತಾಪ ಯೋಜನಾ ವಿಭಾಗಕ್ಕೆ ಬರುವುದು ಜಾಗ ಗೊತ್ತಾಗುವ ಮೊದಲೋ, ಆಮೇಲೋ? ಮೊದಲು ಎಂದಾದರೆ ಹಿಂಜರಿಯದೆ ಸೇರಿ. ಆಮೇಲೆ ಎಂದಾದರೆ, ಬೇರೆಯವರ ತೀರ್ಮಾನಕ್ಕೆ ನಕ್ಷೆ ಬಿಡಿಸಿಕೊಡುವ ಕೆಲಸ ಅದು. ಅದಕ್ಕಿಂತ ನಿಮ್ಮ ಈಗಿನ ಕೆಲಸವೇ ಮೇಲು.